ಐದು ಸೆಂಟಿಮೀಟರ್ ಎಲ್ಲರಿಗೂ ಒಂದೇ, ಒತ್ತುವ ಮೈ ಒಂದೇ ಅಲ್ಲ: ಸಿಪಿಆರ್ ತರಬೇತಿ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ
ಹಾಗೂ ರಾಜ್ಯದಲ್ಲಿ ಸಿಪಿಆರ್ ತರಬೇತಿ ನಡೆಸುವ ಎಲ್ಲ ಸರ್ಕಾರಿ, ಖಾಸಗಿ ಸಂಸ್ಥೆಗಳ ಮುಖ್ಯಸ್ಥರು

ವಿಷಯ: ಸಿಪಿಆರ್ ಮಾಡುವವರ ತೂಕ, ಎತ್ತರ, ದೇಹಬಲಕ್ಕೆ ತಕ್ಕಂತೆ ತರಬೇತಿ, ಸಲಕರಣೆ ಮತ್ತು ಸಿಬ್ಬಂದಿ ವ್ಯವಸ್ಥೆ ಕೋರಿ

ಮಾನ್ಯರೇ,

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ, ಆಮೇಲೆ 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದ ಮೇಲೆ, ಸಿಪಿಆರ್ ಎಂಬ ಪದ ನಮ್ಮ ರಾಜ್ಯದ ಮನೆಮನೆಗೂ ತಲುಪಿದೆ. ಹೃದಯ ನಿಂತವರ ಎದೆಯನ್ನು ಕೈಯಿಂದ ಒತ್ತಿ ರಕ್ತ ಹರಿಯುವಂತೆ ಮಾಡುವ ತುರ್ತು ಕ್ರಮ ಅದು. ಕಾಲೇಜುಗಳಲ್ಲಿ, ಪೊಲೀಸ್ ಮೈದಾನಗಳಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ, ಕಾರ್ಖಾನೆಗಳಲ್ಲಿ ಶಿಬಿರಗಳು ನಡೆಯುತ್ತಿವೆ. ಇದು ಆಗಲೇಬೇಕಿದ್ದ ಕೆಲಸ, ತಡವಾಗಿಯಾದರೂ ಆಗುತ್ತಿದೆ. ಸಿಪಿಆರ್ ಕಲಿಸುವುದನ್ನೇ ಕೆಲಸವಾಗಿಸಿಕೊಂಡಿರುವ ನಮಗೆ ಇದರ ಬಗ್ಗೆ ಸಂತೋಷವಿದೆ. ಆದರೆ ಈ ಶಿಬಿರಗಳಲ್ಲಿ ಒಂದು ವಿಷಯದ ಪ್ರಸ್ತಾಪವೇ ಬರುವುದಿಲ್ಲ. ಅದು ಎದೆ ಒತ್ತುವವರ ಮೈಕಟ್ಟು.

ಸಾಮಾನ್ಯವಾಗಿ ಶಿಬಿರ ಹೀಗಿರುತ್ತದೆ: ಸಭಾಂಗಣದಲ್ಲಿ ಅರವತ್ತು ಎಪ್ಪತ್ತು ಜನ, ನೆಲದ ಮೇಲೆ ಒತ್ತಿ ಅಭ್ಯಾಸ ಮಾಡುವ ಎರಡು ಬೊಂಬೆ. ಅರ್ಧ ಗಂಟೆ ಸ್ಲೈಡು, ಆಮೇಲೆ ಸಾಲಾಗಿ ಬಂದು ಒಬ್ಬೊಬ್ಬರು ಮೂವತ್ತು ಸಲ ಒತ್ತಿ ಎದ್ದು ಹೋಗುವುದು. ಸರಿಯಾದ ಆಳಕ್ಕೆ ಹೋದಾಗ ಬೊಂಬೆಯೊಳಗೆ 'ಟಕ್' ಎಂದು ಸದ್ದಾಗುತ್ತದೆ. ನಲವತ್ತೈದು ಕಿಲೋ ತೂಕದ ನರ್ಸಿಂಗ್ ವಿದ್ಯಾರ್ಥಿನಿ ಬಂದು ಕೂತಾಗ ಗಮನವಿಟ್ಟು ಕೇಳಿ. ಮೊದಲ ಎಂಟು ಹತ್ತು ಒತ್ತಿಗೆ ಟಕ್, ಟಕ್ ಎಂದು ಬರುತ್ತದೆ. ಆಮೇಲೆ ಒಂದು ಬಿಟ್ಟು ಒಂದು. ಇಪ್ಪತ್ತು ದಾಟುವಾಗ ಮೊಣಕೈ ಮಡಚಿರುತ್ತದೆ, ಭುಜ ಕಿವಿಯ ಹತ್ತಿರಕ್ಕೆ ಏರಿರುತ್ತದೆ, ಬೊಂಬೆ ಮೌನವಾಗಿರುತ್ತದೆ. ಎಣಿಕೆ ಮಾತ್ರ ಜೋರಾಗಿ ನಡೆದಿರುತ್ತದೆ. ಮೂವತ್ತಾಯಿತು, ಚಪ್ಪಾಳೆ, ಮುಂದಿನವರು ಬನ್ನಿ. ಸಂಜೆಗೆ ಅವಳಿಗೂ ಅದೇ ಪ್ರಮಾಣಪತ್ರ, ಎಂಬತ್ತೈದು ಕಿಲೋದ ಪೊಲೀಸ್ ಪೇದೆಗೂ ಅದೇ ಪ್ರಮಾಣಪತ್ರ. ಇಬ್ಬರ ತಪ್ಪುಗಳು ಬೇರೆ ಬೇರೆ. ಇಬ್ಬರಿಗೂ ಅದನ್ನು ಯಾರೂ ಹೇಳಿರುವುದಿಲ್ಲ.

ವಯಸ್ಕರಿಗೆ ಸಿಪಿಆರ್ ಮಾಡುವಾಗ ಎದೆ ಕನಿಷ್ಠ 5 ಸೆಂ.ಮೀ. ಕೆಳಗಿಳಿಯಬೇಕು, 6 ದಾಟಬಾರದು. ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಬೇಕು. ಕೈ ನಿಲ್ಲುವ ಹೊತ್ತು ಹತ್ತು ಸೆಕೆಂಡಿಗಿಂತ ಹೆಚ್ಚಾಗಬಾರದು. ಈ ಲೆಕ್ಕಗಳು ಒತ್ತುವವರನ್ನು ನೋಡಿ ಬದಲಾಗುವುದಿಲ್ಲ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎನ್ನುವ ಗಾದೆ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಎಲ್ಲರಿಗೂ ಒಂದೇ ಭಾರ.

ಆ ಭಾರ ಎಷ್ಟು? ಎದೆಗೂಡು ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಹೆಚ್ಚುಕಡಿಮೆಯಾದರೂ, ವಯಸ್ಕರ ಎದೆಯನ್ನು 5 ಸೆಂ.ಮೀ. ಇಳಿಸಲು ಸಾಮಾನ್ಯವಾಗಿ 40ರಿಂದ 50 ಕಿಲೋ ಭಾರದಷ್ಟು ಬಲ ಬೇಕು. ಮನುಷ್ಯನ ತಲೆ, ತೋಳು, ಮುಂಡ ಮೂರೂ ಸೇರಿ ದೇಹತೂಕದ ಸುಮಾರು ಮೂರನೇ ಎರಡು ಪಾಲು. 45 ಕಿಲೋದವರಲ್ಲಿ ಇದು ಸುಮಾರು 30 ಕಿಲೋ, 80 ಕಿಲೋದವರಲ್ಲಿ 53ರ ಆಸುಪಾಸು. ಅದರಲ್ಲೂ ಒಂದಿಷ್ಟು ಸೊಂಟ, ಮೊಣಕಾಲಿನ ಮೂಲಕ ನೆಲಕ್ಕೆ ಹೋಗುತ್ತದೆ, ಪೂರ್ತಿ ಕೈಗೆ ಇಳಿಯುವುದಿಲ್ಲ. ಅಂದರೆ ದಪ್ಪ ಮೈಯವರು ಸುಮ್ಮನೆ ಮುಂದಕ್ಕೆ ವಾಲಿದರೂ ಕೆಲಸದ ಬಹುಪಾಲು ಮೈಭಾರವೇ ಮಾಡಿಬಿಡುತ್ತದೆ. ಸಣ್ಣ ಮೈಯವರು ಕೊರತೆಯಾದ ಅಷ್ಟೂ ಬಲವನ್ನು ಪ್ರತಿ ಒತ್ತಿಗೂ ಸ್ನಾಯುಗಳಿಂದ, ಮೈಯನ್ನು ರಭಸವಾಗಿ ಇಳಿಸುವುದರಿಂದ ತುಂಬಬೇಕು. ಎರಡು ನಿಮಿಷದ ಒಂದು ಸರದಿಯಲ್ಲಿ ಕನಿಷ್ಠ 200 ಸಲ. ಒಬ್ಬರಿಗೆ ಇದು ಬೆವರು ಬರಿಸುವ ಕೆಲಸ, ಇನ್ನೊಬ್ಬರಿಗೆ ಮೈಯ ಮಿತಿಯಲ್ಲೇ ನಿಂತು ಮಾಡುವ ಕೆಲಸ.

ಈ ವಿದ್ಯೆಯ ಹುಟ್ಟಿನಲ್ಲೇ ಭಾರದ ಮಾತಿದೆ. 1958ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಿಕರ್‌ಬಾಕರ್ ಎಂಬ ಸಂಶೋಧಕರು ನಾಯಿಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಶಾಕ್ ಕೊಡುವ ಭಾರವಾದ ಪ್ಯಾಡಲ್‌ಗಳನ್ನು ಎದೆಗೆ ಒತ್ತಿದ ಮಾತ್ರಕ್ಕೆ ರಕ್ತದೊತ್ತಡ ಏರಿದ್ದನ್ನು ಗಮನಿಸಿದರು. ಅದರ ಜಾಡು ಹಿಡಿದು ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ 1960ರಲ್ಲಿ ಎದೆ ಬಿಚ್ಚದೆ ಹೃದಯ ಒತ್ತುವ ಕ್ರಮವನ್ನು ಪ್ರಕಟಿಸಿದರು. ಎರಡು ಕೈ ಇದ್ದರೆ ಸಾಕು ಎಂಬ ಮಾತು ಅಂದಿನಿಂದ ಜಗತ್ತೆಲ್ಲ ಹರಡಿತು. ಮಾತು ಸರಿಯೇ. ಆದರೆ ಆ ಎರಡು ಕೈಗಳ ಹಿಂದೆ ಒಂದು ಮೈ ಇದೆ, ಅದರ ಕೆಳಗೆ ನೆಲವೋ ಮಂಚವೋ ಇದೆ ಎಂಬುದು ಮರೆತುಹೋಯಿತು.

ದಣಿವಿನ ವಿಷಯ ಇನ್ನೂ ಸೂಕ್ಷ್ಮ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತರಬೇತಾದವರಿಗೇ ಐದು ನಿಮಿಷ ಬಿಡದೆ ಬೊಂಬೆ ಒತ್ತಲು ಹೇಳಿದ್ದರು. ಮೊದಲ ನಿಮಿಷದಲ್ಲಿ 100ಕ್ಕೆ ಸುಮಾರು 93 ಒತ್ತುಗಳು ಸರಿಯಾಗಿದ್ದವು. ಎರಡನೇ ನಿಮಿಷಕ್ಕೆ 67, ಮೂರಕ್ಕೆ 39, ಐದನೇ ನಿಮಿಷಕ್ಕೆ 18. ಇನ್ನೂ ಗಂಭೀರವಾದ ಸಂಗತಿಯೆಂದರೆ ತಮ್ಮ ಒತ್ತು ಸೋಲುತ್ತಿದೆ ಎಂದು ಅವರಿಗೇ ಗೊತ್ತಾಗಲಿಲ್ಲ. ಮೈ ಸೋತರೂ ಕೈಯ ತಾಳ ತಪ್ಪುವುದಿಲ್ಲ, ವೇಗ ಹಾಗೇ ಇರುತ್ತದೆ, ಆಳ ಮಾತ್ರ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಸುತ್ತ ನಿಂತವರಿಗೆ ಸಿಪಿಆರ್ ಚೆನ್ನಾಗಿಯೇ ನಡೆದಂತೆ ಕಾಣುತ್ತದೆ. ಮೈತೂಕ, ಸ್ನಾಯುಬಲ ಕಡಿಮೆ ಇರುವವರಲ್ಲಿ ಈ ಕುಸಿತ ಬೇಗ ಶುರುವಾಗುತ್ತದೆ ಎಂಬುದನ್ನು ಆಮೇಲಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. 'ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ' ಎಂಬ ನಿಯಮವನ್ನು ನಾವು ಬಾಯಿಪಾಠ ಮಾಡಿಸುತ್ತೇವೆ, 'ಅದಕ್ಕೂ ಮೊದಲೇ ದಣಿದರೆ ಮೊದಲೇ ಬದಲಿಸಿ' ಎಂಬ ಅರ್ಧವನ್ನು ಹೇಳುವುದಿಲ್ಲ. ಐವತ್ತು ಕಿಲೋಗಿಂತ ಕಡಿಮೆ ಇರುವವರಿಗೆ ಒಂದು ನಿಮಿಷದ ಸರದಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಬದಲಾಗುವವರು ರೋಗಿಯ ಎದುರು ಬದಿಯಲ್ಲಿ ಮೊದಲೇ ಮೊಣಕಾಲೂರಿ, ಕೈ ಜೋಡಿಸಿ ಸಿದ್ಧರಾಗಿರಬೇಕು. ಎಣಿಕೆ ಮುಗಿದ ಕ್ಷಣ ಒಬ್ಬರ ಕೈ ಎದ್ದು ಇನ್ನೊಬ್ಬರ ಕೈ ಇಳಿಯಬೇಕು, ಐದು ಸೆಕೆಂಡಿನೊಳಗೆ. ಹೃದಯದ ರಕ್ತನಾಳಗಳಲ್ಲಿ ಒತ್ತಡ ಏರಲು ಹತ್ತಾರು ಒತ್ತು ಬೇಕು, ಕೈ ತೆಗೆದರೆ ಅದು ಕೆಲವೇ ಕ್ಷಣಗಳಲ್ಲಿ ಇಳಿದುಹೋಗುತ್ತದೆ.

ಇಷ್ಟು ಓದಿ, ಹಾಗಾದರೆ ಸಣ್ಣ ಮೈಯವರು ಸಿಪಿಆರ್‌ಗೆ ಲಾಯಕ್ಕಲ್ಲ ಎಂದು ಯಾರಾದರೂ ತೀರ್ಮಾನಿಸಿದರೆ ಅದು ದೊಡ್ಡ ಅನ್ಯಾಯ. ನಮ್ಮ ವಾರ್ಡುಗಳಲ್ಲಿ ರೋಗಿಯ ಪಕ್ಕ ಮೊದಲು ತಲುಪುವವರು ಹೆಚ್ಚಾಗಿ ಸ್ಟಾಫ್ ನರ್ಸ್‌ಗಳು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಹಳ್ಳಿಯಲ್ಲಿ ಮೊದಲು ಓಡಿ ಬರುವವರು ಆಶಾ ಕಾರ್ಯಕರ್ತೆಯರು. ತೂಕ ನೋಡಿ ಅವರನ್ನು ದೂರ ಇಡುವುದು ನಮ್ಮ ಬೇಡಿಕೆ ಅಲ್ಲವೇ ಅಲ್ಲ. ಬಲ ಕಡಿಮೆಯಾದಲ್ಲಿ ಕ್ರಮ ಕೈಹಿಡಿಯುತ್ತದೆ. ಆ ಕ್ರಮವನ್ನು ಅವರಿಗೆ ಕಲಿಸಿ ಎನ್ನುವುದೇ ನಮ್ಮ ಮನವಿ.

ಆ ಕ್ರಮ ನಮ್ಮ ಅಡುಗೆಮನೆಗಳಿಗೆ ಹೊಸದೇನಲ್ಲ. ಒತ್ತುಶಾವಿಗೆ ಒತ್ತುವವರು ತೋಳಿನ ಬಲ ನೆಚ್ಚಿಕೊಳ್ಳುವುದಿಲ್ಲ, ಒರಳಿನ ಹಿಡಿಯ ಮೇಲೆ ಮೈಭಾರವನ್ನೇ ಬಿಡುತ್ತಾರೆ. ಎದೆ ಒತ್ತುವಾಗಲೂ ತೋಳು ಬರೀ ಊರುಗೋಲು. ಅಂಗೈಯ ಬುಡ ಎದೆಮೂಳೆಯ ಕೆಳಗಿನ ಅರ್ಧದ ನಟ್ಟನಡುವೆ, ಇನ್ನೊಂದು ಕೈ ಅದರ ಮೇಲೆ, ಮೊಣಕೈ ಮಡಚದೆ ನೆಟ್ಟಗೆ, ಭುಜ ಸರಿಯಾಗಿ ಕೈಯ ಮೇಲಕ್ಕೆ. ಚಲನೆ ಸೊಂಟದಿಂದ. ಮೊಣಕೈ ಮಡಚಿದರೆ ಕೆಲಸ ತೋಳಿನ ಹಿಂಭಾಗದ ಸಣ್ಣ ಸ್ನಾಯುಗಳಿಗೆ ಬೀಳುತ್ತದೆ, ಅವು ಒಂದು ನಿಮಿಷವೂ ತಾಳುವುದಿಲ್ಲ. ಮೊಣಕಾಲು ರೋಗಿಯ ಪಕ್ಕೆಗೆ ತಾಗುವಷ್ಟು ಹತ್ತಿರ ಇರಬೇಕು. ಒಂದು ಗೇಣು ದೂರ ಕೂತರೂ ಒತ್ತು ಓರೆಯಾಗಿ ಬೀಳುತ್ತದೆ, ಎದೆ ಕೆಳಗಿಳಿಯುವ ಬದಲು ಮೈ ಆಚೆ ಜರುಗುತ್ತದೆ. ದೊಡ್ಡ ಮೈಯವರಿಗೆ ಈ ತಪ್ಪಿನಲ್ಲಿ ವ್ಯರ್ಥ ಮಾಡಲು ಒಂದಿಷ್ಟು ಬಲ ಉಳಿದಿರುತ್ತದೆ, ಸಣ್ಣ ಮೈಯವರಿಗೆ ಇರುವುದಿಲ್ಲ.

ಇನ್ನೊಂದು ಚಿಕ್ಕ ಮಾತು, ಚಿಕ್ಕದೆಂದೇ ಎಲ್ಲರೂ ಬಿಟ್ಟುಬಿಡುವ ಮಾತು: ಸೀರೆ. ಎರಡು ಮೊಣಕಾಲುಗಳ ನಡುವೆ ಭುಜದಷ್ಟು ಅಗಲ ಇದ್ದರೆ ಮಾತ್ರ ಸೊಂಟದಿಂದ ಮೈ ಬೀಸಲು ಆಧಾರ ಸಿಗುತ್ತದೆ. ಸೀರೆ ಉಟ್ಟವರು ನೆರಿಗೆ ಎತ್ತಿ ಕಟ್ಟದೆ ಕೂತರೆ ಮೊಣಕಾಲು ಕೂಡಿಕೊಂಡೇ ಇರುತ್ತದೆ, ಮೈ ತೂರಾಡುತ್ತದೆ. ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಪ್ಯಾಂಟು ಹಾಕಿದ ತರಬೇತುದಾರರು ಕೂತು ತೋರಿಸಿದರೆ ಇದು ಅವರಿಗೆ ಹೊಳೆಯುವುದಾದರೂ ಹೇಗೆ? ಸೀರೆಯಲ್ಲೇ ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿಸಿ ಅಭ್ಯಾಸ ಮಾಡಿಸಬೇಕು.

ಈಗ ಆಸ್ಪತ್ರೆಯ ಮಂಚದ ಬಳಿಗೆ ಬರೋಣ. ನಮ್ಮ ದೂರಿನ ಮುಖ್ಯ ಭಾಗ ಇದು. ತರಬೇತಿ ನಡೆಯುವುದು ನೆಲದ ಮೇಲೆ, ಆಸ್ಪತ್ರೆಯಲ್ಲಿ ಹೃದಯ ನಿಲ್ಲುವುದು ಮಂಚದ ಮೇಲೆ. ದಯವಿಟ್ಟು ಒಂದು ಟೇಪು ಹಿಡಿದು ಯಾವುದಾದರೂ ವಾರ್ಡಿಗೆ ಹೋಗಿ ಅಳೆದು ನೋಡಿ. ಮಂಚ ಸುಮಾರು 60 ಸೆಂ.ಮೀ., ಗಾದಿ 10, ಮಲಗಿದವರ ಎದೆಯ ದಪ್ಪ 20. ಎದೆಯ ಮೇಲ್ಭಾಗ ನೆಲದಿಂದ 90 ಸೆಂ.ಮೀ. ಎತ್ತರದಲ್ಲಿರುತ್ತದೆ. ಐದಡಿ ಎತ್ತರದ ನರ್ಸ್ ಒಬ್ಬರ ಭುಜದಿಂದ ಅಂಗೈ ಬುಡದವರೆಗಿನ ಉದ್ದ ಸುಮಾರು 50 ಸೆಂ.ಮೀ. ಕೈ ನೆಟ್ಟಗಿಟ್ಟು ನೇರ ಮೇಲಿಂದ ಒತ್ತಬೇಕಾದರೆ ಅವರ ಭುಜ 140 ಸೆಂ.ಮೀ. ಎತ್ತರದಲ್ಲಿರಬೇಕು. ನೆಟ್ಟಗೆ ನಿಂತರೂ ಅವರ ಭುಜ ಇರುವುದು 125ರ ಆಸುಪಾಸಿನಲ್ಲಿ. ಹದಿನೈದು ಸೆಂ.ಮೀ. ಕೊರತೆ, ಅದೂ ಮುಂದಕ್ಕೆ ಬಾಗುವ ಮೊದಲು. ಆಗ ಅವರು ತುದಿಗಾಲಲ್ಲಿ ನಿಲ್ಲುತ್ತಾರೆ, ಮಂಚದ ಅಂಚಿಗೆ ಹೊಟ್ಟೆ ಒತ್ತಿಕೊಂಡು ಮೊಣಕೈ ಮಡಚಿ ತಳ್ಳುತ್ತಾರೆ. ಆ ಭಂಗಿಯಲ್ಲಿ ಪೈಲ್ವಾನನೇ ಬಂದರೂ 5 ಸೆಂ.ಮೀ. ಇಳಿಸುವುದು ಕಷ್ಟ. ತುರ್ತು ಚಿಕಿತ್ಸಾ ಕೊಠಡಿಯ ಟ್ರಾಲಿ ಇದಕ್ಕಿಂತಲೂ ಎತ್ತರ.

ಪರಿಹಾರಕ್ಕೆ ದೊಡ್ಡ ಖರ್ಚೇನೂ ಇಲ್ಲ. ಏರಿಳಿಸುವ ಮಂಚವಾದರೆ ಗಾದಿ ಒತ್ತುವವರ ಮೊಣಕಾಲಿನ ಮಟ್ಟಕ್ಕೆ ಇಳಿಯಬೇಕು. ಏರಿಳಿಸಲಾಗದ ಮಂಚವಾದರೆ ಜಾರದ, ಅಗಲವಾದ, 20ರಿಂದ 25 ಸೆಂ.ಮೀ. ಎತ್ತರದ ಕಬ್ಬಿಣದ ಮೆಟ್ಟಿಲು ಬೇಕು. ರೋಗಿಗಳು ಮಂಚ ಹತ್ತಲು ಇಡುವ ಕಿರಿದಾದ ಫುಟ್‌ಸ್ಟೆಪ್ ಸಾಲದು. ಎರಡು ಪಾದ ಭುಜದಗಲ ಇಟ್ಟು ನಿಲ್ಲುವಷ್ಟು ಜಾಗ ಇರಬೇಕು. ಅದೂ ಇಲ್ಲವಾದರೆ ಮಂಚದ ಮೇಲೆಯೇ ಹತ್ತಿ ರೋಗಿಯ ಪಕ್ಕ ಮೊಣಕಾಲೂರಬಹುದು. ನರ್ಸ್ ಮಂಚ ಹತ್ತಿದರೆ ಗದರುವ ಹಿರಿಯರು ಈಗಲೂ ಇದ್ದಾರೆ, ಅವರಿಗೂ ಇದು ತಿಳಿಯಬೇಕು. ಗಾದಿಯ ವಿಷಯವೂ ಇದೆ. ಕೈ 5 ಸೆಂ.ಮೀ. ಇಳಿದಂತೆ ಕಂಡರೂ ಅದರಲ್ಲಿ ಒಂದೆರಡು ಸೆಂ.ಮೀ. ಗಾದಿ ಕುಸಿದದ್ದೇ ಆಗಿರಬಹುದು. ಬೆನ್ನ ಕೆಳಗೆ ಗಟ್ಟಿ ಹಲಗೆ ಸರಿಸಿದರೆ ಈ ನಷ್ಟ ಪೂರ್ತಿ ನಿಲ್ಲದಿದ್ದರೂ ಕಡಿಮೆಯಾಗುತ್ತದೆ. ಗಾಳಿ ತುಂಬಿದ ಹಾಸಿಗೆಯಾದರೆ ಮೊದಲು ಅದರ ಸಿಪಿಆರ್ ಕವಾಟ ಎಳೆದು ಗಾಳಿ ಬಿಡಬೇಕು. ಆ ಕವಾಟ ಎಲ್ಲಿದೆ ಎಂದು ಎಷ್ಟು ವಾರ್ಡುಗಳಲ್ಲಿ ಸಿಬ್ಬಂದಿಗೆ ತೋರಿಸಲಾಗಿದೆ?

ದೊಡ್ಡ ಮೈಯವರ ತಪ್ಪು ಬೇರೆ ಬಗೆಯದು, ಕಣ್ಣಿಗೆ ಬೀಳುವುದು ಇನ್ನೂ ಕಷ್ಟ. ಅವರಿಗೆ ಆಳ ಸುಲಭವಾಗಿ ಸಿಗುತ್ತದೆ, ಆದರೆ ಕೈ ಮೇಲೇಳುವುದಿಲ್ಲ. ಎರಡು ಒತ್ತುಗಳ ನಡುವೆ ಅವರ ಭಾರ ಎದೆಯ ಮೇಲೇ ಉಳಿಯುತ್ತದೆ. ಎರಡೂವರೆ ಕಿಲೋದಷ್ಟು ಭಾರ ಉಳಿದರೂ ಅದನ್ನು ತಪ್ಪೆಂದೇ ಲೆಕ್ಕ ಹಾಕುತ್ತಾರೆ. ಎದೆ ಪೂರ್ತಿ ಅರಳದಿದ್ದರೆ ಹೃದಯಕ್ಕೆ ರಕ್ತ ವಾಪಸ್ ತುಂಬುವುದಿಲ್ಲ, ತುಂಬದ ಹೃದಯವನ್ನು ಎಷ್ಟು ಆಳಕ್ಕೆ ಒತ್ತಿದರೂ ಹೊರಹೋಗುವುದು ಅಷ್ಟಕ್ಕಷ್ಟೇ. ದಣಿದಾಗ ಇದು ಹೆಚ್ಚುತ್ತದೆ, ಯಾಕೆಂದರೆ ದಣಿದ ಮೈ ಎದೆಯ ಮೇಲೇ ಒರಗಿ ಸುಧಾರಿಸಿಕೊಳ್ಳಲು ನೋಡುತ್ತದೆ. ಜಿಮ್ ತರಬೇತುದಾರರು, ಪೊಲೀಸರು, ಸೆಕ್ಯುರಿಟಿ ಸಿಬ್ಬಂದಿಗೆ ಕಲಿಸುವಾಗ 'ಇನ್ನೂ ಜೋರಾಗಿ' ಎಂದು ಹುರಿದುಂಬಿಸುವುದು ತಪ್ಪು. ಅವರಿಗೆ ಹೇಳಬೇಕಾದ್ದು 'ಬಿಡಿ, ಪೂರ್ತಿ ಬಿಡಿ' ಎಂದು. ಆದರೆ ಅಂಗೈ ಎದೆಯಿಂದ ಹಾರಬಾರದು, ಹಾರಿದರೆ ಮರಳಿ ಬೀಳುವಾಗ ಜಾಗ ತಪ್ಪಿ ಪಕ್ಕೆಲುಬಿನ ಮೇಲೆ ಬೀಳುತ್ತದೆ. ಮಕ್ಕಳ ವಿಷಯದಲ್ಲಿ ಇವರು ಇನ್ನಷ್ಟು ಎಚ್ಚರವಾಗಿರಬೇಕು. ಮಗುವಿಗೆ ಬೇಕಾದ್ದು ಎದೆಯ ದಪ್ಪದ ಕನಿಷ್ಠ ಮೂರನೇ ಒಂದು ಪಾಲು ಆಳ, ಸುಮಾರು 5 ಸೆಂ.ಮೀ. ಹಸುಗೂಸಿಗೆ ಸುಮಾರು 4. ಚಿಕ್ಕ ಮಗುವಿಗೆ ಒಂದೇ ಕೈ ಸಾಕಾಗಬಹುದು, ಕೂಸಾದರೆ ಎರಡು ಹೆಬ್ಬೆರಳು.

ತೂಕ ಹೆಚ್ಚಿದ್ದರೆ ಸಾಕು ಎಂದೂ ಅಲ್ಲ. ವ್ಯಾಯಾಮವಿಲ್ಲದ ದೊಡ್ಡ ಮೈ ಆಳಕ್ಕೆ ಒತ್ತುತ್ತದೆ, ಆದರೆ ಬೇಗ ಏದುಸಿರು ಬಿಡುತ್ತದೆ. ಗದ್ದೆ ಕೆಲಸ ಮಾಡಿ ಹುರಿಗಟ್ಟಿದ ಐವತ್ತು ಕಿಲೋದ ಮೈ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಬಹುದು.

ಶಾಲೆಗಳಲ್ಲಿ ಸಿಪಿಆರ್ ಕಲಿಸಬೇಕೆಂಬ ಮಾತು ಕೇಳಿಬರುತ್ತಿದೆ. 12 ವರ್ಷದಿಂದ, ವರ್ಷಕ್ಕೆ ಎರಡು ಗಂಟೆ ಕಲಿಸಿ ಎನ್ನುವ 'ಕಿಡ್ಸ್ ಸೇವ್ ಲೈವ್ಸ್' ಹೇಳಿಕೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಒಪ್ಪಿಗೆ ಕೊಟ್ಟಿದೆ. ಖಂಡಿತ ಕಲಿಸಿ. ಆರನೇ ಕ್ಲಾಸಿನ ಮಗುವಿಗೆ ಆಳ ಸಿಗದಿದ್ದರೆ ಫೇಲ್ ಮಾಡಬೇಡಿ, ಅವಮಾನ ಮಾಡಬೇಡಿ. ಕ್ರಮ ಒಮ್ಮೆ ಕೈಗೆ ಹತ್ತಿದರೆ ಬಲ ವಯಸ್ಸಿನೊಂದಿಗೆ ತಾನಾಗಿ ಬರುತ್ತದೆ. ಅಲ್ಲಿಯವರೆಗೆ ಆ ಮಗು 108ಕ್ಕೆ ಫೋನ್ ಮಾಡಬಹುದು, ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರವನ್ನು ಓಡಿ ತರಬಹುದು, ದೊಡ್ಡವರು ಒತ್ತುವಾಗ ಗಟ್ಟಿಯಾಗಿ ಎಣಿಸಬಹುದು.

ಮುಂದಿನದು ಸಿಬ್ಬಂದಿಯ ಪ್ರಶ್ನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ರಾತ್ರಿ ಪಾಳಿಯಲ್ಲಿ ಸಾಮಾನ್ಯವಾಗಿ ಇರುವುದು ಒಬ್ಬ ಸ್ಟಾಫ್ ನರ್ಸ್, ಒಬ್ಬ ಡಿ ಗ್ರೂಪ್ ನೌಕರರು. ಡಿ ಗ್ರೂಪ್ ನೌಕರರಿಗೆ ತರಬೇತಿ ಇಲ್ಲದಿದ್ದರೆ ಆ ನರ್ಸ್ ಯಾರೊಂದಿಗೆ ಕೈ ಬದಲಿಸಬೇಕು? ಆ್ಯಂಬುಲೆನ್ಸ್‌ನಲ್ಲೂ ಹೀಗೇ. ಹಿಂದೆ ಒಬ್ಬ ತುರ್ತು ಚಿಕಿತ್ಸಾ ತಂತ್ರಜ್ಞ, ಮುಂದೆ ಒಬ್ಬ ಪೈಲಟ್, ಅಂದರೆ ಚಾಲಕ. ಗಾಡಿ ಓಡುತ್ತಿರುವಾಗ, ತಿರುವಿನಲ್ಲಿ ಒಂದು ಕೈ ಕಂಬಿ ಹಿಡಿದುಕೊಂಡು, ಒಬ್ಬರೇ ಇಪ್ಪತ್ತು ನಿಮಿಷ ಎದೆ ಒತ್ತುವುದು ಎಷ್ಟೇ ಬಲಶಾಲಿಗೂ ಆಗದ ಕೆಲಸ. ಕುಸಿದ ಜಾಗದಲ್ಲೇ, ಗಟ್ಟಿ ನೆಲದ ಮೇಲೆ, ತಂತ್ರಜ್ಞ, ಪೈಲಟ್, ಅಲ್ಲಿರುವ ಒಬ್ಬಿಬ್ಬರು ಸರದಿಯಲ್ಲಿ ಒತ್ತುವುದು ಇದಕ್ಕಿಂತ ಎಷ್ಟೋ ಮೇಲು. ಎದೆ ಒತ್ತುವ ಯಂತ್ರಗಳೂ ಇವೆ. ಒಳ್ಳೆಯ ಕೈಕೆಲಸಕ್ಕಿಂತ ಅವು ಹೆಚ್ಚು ಜೀವ ಉಳಿಸುತ್ತವೆ ಎಂದು 2014–15ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಲಿಲ್ಲ. ಆದರೆ ಓಡುವ ಗಾಡಿಯಲ್ಲಿ, ಘಾಟಿಯ ರಸ್ತೆಗಳಲ್ಲಿ, ಬದಲಿ ಕೈ ಇಲ್ಲದ ಕಡೆ ಅವುಗಳಿಗೆ ನ್ಯಾಯವಾದ ಜಾಗವಿದೆ.

ಆದ್ದರಿಂದ ತಮ್ಮಲ್ಲಿ ನಮ್ಮ ವಿನಂತಿ ಹೀಗಿದೆ. ಆಳ ಮತ್ತು ಬಿಡುವಿಕೆ ಎರಡನ್ನೂ ಅಳೆದು ತೋರಿಸುವ ಬೊಂಬೆಯ ಮೇಲೆ ಬಿಡದೆ ಎರಡು ನಿಮಿಷ ಒತ್ತಿಸದೆ ಆರೋಗ್ಯ ಸಿಬ್ಬಂದಿಗೆ ಪ್ರಮಾಣಪತ್ರ ಕೊಡಬಾರದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ತನ್ನ ವಯಸ್ಕರ ಸಿಪಿಆರ್ ಕೋರ್ಸುಗಳಲ್ಲಿ ಇಂಥ ಅಳತೆಯ ಸಾಧನವನ್ನು 2019ರಿಂದಲೇ ಕಡ್ಡಾಯ ಮಾಡಿದೆ, ನಮಗೆ ಆಗದ ಕೆಲಸವಲ್ಲ. ಎರಡನೇ ನಿಮಿಷದ ಆಳ ಎಷ್ಟಿತ್ತು ಎಂದು ಪ್ರತಿಯೊಬ್ಬರಿಗೂ ಗುಟ್ಟಾಗಿ, ಗೌರವದಿಂದ ಹೇಳಬೇಕು. ತನ್ನ ಮೈ ಎಷ್ಟು ಹೊತ್ತು ತಡೆಯುತ್ತದೆ ಎಂದು ತಿಳಿದ ನರ್ಸ್ ಸರಿಯಾದ ಹೊತ್ತಿಗೆ 'ಬದಲಿ ಬನ್ನಿ' ಎಂದು ಕೂಗುತ್ತಾರೆ. ಅರ್ಧ ಅಭ್ಯಾಸ ನೆಲದ ಮೇಲಾದರೆ ಇನ್ನರ್ಧ ವಾರ್ಡಿನ ಮಂಚದ ಮೇಲಾಗಲಿ. ಪ್ರತಿ ವಾರ್ಡಿನ ಕ್ರ್ಯಾಶ್ ಕಾರ್ಟ್ (ತುರ್ತು ಸಲಕರಣೆಗಳ ತಳ್ಳುಗಾಡಿ) ಪಟ್ಟಿಯಲ್ಲಿ ಔಷಧಿ, ಕೈಯಿಂದ ಹಿಸುಕಿ ಉಸಿರು ಕೊಡುವ ಅಂಬು ಬ್ಯಾಗ್ ಜೊತೆಗೆ ಗಟ್ಟಿ ಹಲಗೆ ಮತ್ತು ಅಗಲದ ಮೆಟ್ಟಿಲು ಸೇರಲಿ, ತಪಾಸಣೆಗೆ ಬಂದವರು ಅವನ್ನೂ ಕೇಳಲಿ. ಡಿ ಗ್ರೂಪ್ ನೌಕರರು, ಆ್ಯಂಬುಲೆನ್ಸ್ ಪೈಲಟ್‌ಗಳು, ಆಸ್ಪತ್ರೆಯ ಸೆಕ್ಯುರಿಟಿಯವರಿಗೂ ಅದೇ ತರಬೇತಿ ಸಿಗಲಿ. 108ರಲ್ಲಿ ಕರೆ ಸ್ವೀಕರಿಸುವವರು ಸಿಪಿಆರ್ ಹೇಳಿಕೊಡುವಾಗ 'ನಿಮ್ಮ ಜೊತೆ ಇನ್ಯಾರಿದ್ದಾರೆ?' ಎಂದು ಮೊದಲೇ ಕೇಳಲಿ, ಸುಸ್ತಾಗುವ ಮುಂಚೆಯೇ ಸರದಿ ಬದಲಿಸಲು ಹೇಳಲಿ.

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತಿದೆ. ಇದಕ್ಕೆ ನಾವು ಋಣಿಗಳು. ಅದೇ ಆಸ್ಪತ್ರೆಯ ಅದೇ ಮಂಚದ ಮೇಲೆ ಹೃದಯ ನಿಂತರೆ ಐದಡಿಯ ನರ್ಸ್ ಒಬ್ಬರು ಹತ್ತಿ ನಿಲ್ಲಲು ಒಂದು ಮೆಟ್ಟಿಲು ಬೇಕು. ಅದನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಬರುವ ಪಾಳಿಯೊಳಗೆ ಮಾಡಿಸಿಕೊಡಿ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಸಿಪಿಆರ್ ಕಲಿಸುವ ತರಬೇತುದಾರರು